ದಾಸೋಹಮೂರ್ತಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು

ಬಾಗಲಕೋಟೆಯ ನವನಗರದಲ್ಲಿ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ ಎಂಬ ದೊಡ್ಡ ವೈದ್ಯಶಾಲೆಯಿದೆ. ಕಮತಗಿಯ ನೇಕಾರ, ಗುಳೇದಗುಡ್ಡದ ಖಣ ನೇಯುವವ, ಹುನಗುಂದದ ಎರೆಯ ಹೊಲದ ರೈತ, ಇಳಕಲ್ಲಿನ ಕಲ್ಲುಗಣಿಯ ಕೂಲಿಕಾರ, ಬಾದಾಮಿಯ ಕಡೆಯ ಬಸುರಿ ಹೆಣ್ಣುಮಗಳು, ಇವರೆಲ್ಲರಿಗೂ ಆ ಹೆಸರು ಪರಿಚಿತವಾದದ್ದು. ರೋಗಿಯ ಕೈಯಲ್ಲಿರುವ ಚೀಟಿಯ ಮೇಲೂ ಆ ಹೆಸರೇ, ಕಟ್ಟಡದ ನೆತ್ತಿಯ ಮೇಲೂ ಆ ಹೆಸರೇ. ಆದರೆ ಆ ಹೆಸರನ್ನು ಹೊತ್ತ ಮಹಾನುಭಾವರು ವೈದ್ಯರಾಗಿರಲಿಲ್ಲ. ಅವರು ನಾಡಿ ಹಿಡಿದು ಔಷಧ ಕೊಡುವ ವೃತ್ತಿಯವರಲ್ಲ. ಅವರು ಲಿಂಗೈಕ್ಯರಾದುದು ೧೯೩೦ರಲ್ಲಿ. ಅಲ್ಲಿಯ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾದುದು ೨೦೦೨ರಲ್ಲಿ. ನಡುವೆ ಎಪ್ಪತ್ತೆರಡು ವರ್ಷಗಳ ಅಂತರ. ಹೀಗಿರುವಾಗ ರೋಗಿಗಳನ್ನು ಸಲಹುವ ಮನೆಗೆ ಒಬ್ಬ ವಿರಕ್ತರ ಹೆಸರು ಏಕೆ ಸಂದಿತು? ಈ ಪ್ರಶ್ನೆಗೆ ಉತ್ತರವು ಅವರ ಜೀವನದಲ್ಲಿಯೇ ಇದೆ. ಗೃಹಸ್ಥರಾದ ಭಕ್ತರು ಅದನ್ನು ಅರಿತು ಆಚರಿಸುವುದು ಹಿತಕರವಾದುದು.

೧೮೬೭ನೆಯ ಇಸವಿಯಲ್ಲಿ, ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿ ಎಂಬ ಚಿಕ್ಕ ಗ್ರಾಮದಲ್ಲಿ, ಸಾಲಿಮಠದ ಬಸವಯ್ಯ ಮತ್ತು ನೀಲಮ್ಮ ದಂಪತಿಗಳ ಉದರದಲ್ಲಿ ಒಬ್ಬ ಶಿಶುವು ಜನಿಸಿತು. ಹಾಲಯ್ಯ ಎಂದು ಅದಕ್ಕೆ ನಾಮಕರಣವಾಯಿತು. ಆ ಊರು ಅಂದು ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದು ಹಾವೇರಿ ಜಿಲ್ಲೆಯಲ್ಲಿದೆ. ಮನೆತನವು ಜಂಗಮರದು, ಸಂಪತ್ತು ಮಾತ್ರ ಇರಲಿಲ್ಲ. ಮಗುವು ಹತ್ತು ವರ್ಷದ ಗಡಿಯಲ್ಲಿರುವಾಗ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಬಂದೆರಗಿತು. ಮಳೆ ಹೋಯಿತು, ಜೋಳದ ಹಗೇವುಗಳು ಬರಿದಾದವು, ದನಕರುಗಳು ಬಿದ್ದಲ್ಲಿಯೇ ಸತ್ತವು. ಅಂದಿನ ಕಲಾದಗಿ ಜಿಲ್ಲೆ, ಎಂದರೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಈ ಸೀಮೆಯು, ಆ ಬರದಲ್ಲಿ ಅತ್ಯಂತ ಘೋರವಾಗಿ ನೊಂದ ನಾಡುಗಳಲ್ಲಿ ಒಂದು. ಜನರು ಗುಳೆ ಎದ್ದು ಹೋದರು. ಹೋದವರೆಲ್ಲ ತಿರುಗಿ ಬರಲಿಲ್ಲ. ಹಸಿವು ಮತ್ತು ರೋಗ ಇವೆರಡೂ ಒಡಹುಟ್ಟಿದವುಗಳೆಂಬ ಸತ್ಯವನ್ನು ಆ ಕಾಲದ ಮಕ್ಕಳು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಉಂಡವನ ಮೈಗೆ ತಗುಲಿದ ಜ್ವರವು ಇಳಿಯುತ್ತಿತ್ತು. ಉಪವಾಸವಿದ್ದವನ ಮೈಗೆ ತಗುಲಿದ ಜ್ವರವು ಅವನನ್ನು ಕೊಂಡೊಯ್ಯುತ್ತಿತ್ತು.

ಹಾಲಯ್ಯನ ವಿದ್ಯಾಭ್ಯಾಸವು ಬಡತನದಲ್ಲಿಯೇ ನಡೆಯಿತು. ಜಂಗಮವಟುಗಳ ರೂಢಿಯಂತೆ ಮನೆಮನೆಯ ಭಿಕ್ಷಾನ್ನವೇ ಆ ಬಾಲಕನ ಆಧಾರವಾಗಿತ್ತು. ಯಾವ ತಾಯಿಯು ನೀಡಿದ ರೊಟ್ಟಿ, ಯಾವ ಮನೆಯ ಮಜ್ಜಿಗೆ ಎಂದು ಹೆಸರಿಡಲಾಗದಷ್ಟು ಕೈಗಳು ಆ ಶರೀರವನ್ನು ಬೆಳೆಸಿದವು. ತನ್ನ ದೇಹವು ತನ್ನದಲ್ಲ, ಸಮಾಜದ ಅನ್ನದಿಂದ ಬೆಳೆದುದು, ಆದುದರಿಂದ ಅದನ್ನು ಸಮಾಜಕ್ಕೇ ಸಲ್ಲಿಸಬೇಕು ಎಂಬ ನಿಲುವು ಮುಂದೆ ಅವರ ಇಡೀ ಬಾಳಿನಲ್ಲಿ ಎದ್ದು ಕಂಡಿತು. ಓದು ಮುಗಿದ ಮೇಲೆ ಹಾಲಯ್ಯನವರು ಲಿಂಗದಹಳ್ಳಿಯಲ್ಲಿ ಕೆಲಕಾಲ ಮಕ್ಕಳಿಗೆ ಅಕ್ಷರ ಕಲಿಸಿದರು. ಆದರೆ ಅವರ ಚಿತ್ತವು ಸಂಸಾರದ ಕಡೆಗೆ ತಿರುಗಲಿಲ್ಲ. ಮನೆಯಲ್ಲಿ ದುಡಿಯುವ ಮಗನು ಬೇಕಾಗಿದ್ದನು; ತಾಯಿಯು ಮಗನ ಮದುವೆಯನ್ನು ನೋಡಬೇಕೆಂಬ ವಯಸ್ಸಿನಲ್ಲಿದ್ದರು. ಒಂದು ಕಡೆಗೆ ಹೆತ್ತ ತಾಯಿಯ ಋಣ, ಇನ್ನೊಂದು ಕಡೆಗೆ ಹಿಡಿದ ವೈರಾಗ್ಯ. ಈ ಎರಡರ ನಡುವೆ ಅವರು ಅನುಭವಿಸಿದ ಸಂಕಟವು ಸಣ್ಣದಲ್ಲ. ಕೊನೆಗೆ ಅವರು ಮನೆಯ ಹಂಗನ್ನು ಬಿಟ್ಟು ಹೊರಟರು. ಒಬ್ಬ ತಾಯಿಯ ಮಗನಾಗಿ ಉಳಿಯದೆ ನಾಡಿನ ಮಗನಾಗಬೇಕೆಂಬುದು ಆ ನಿರ್ಗಮನದ ಅರ್ಥವಾಗಿತ್ತೆಂಬುದು ಮುಂದಿನ ನಾಲ್ಕು ದಶಕಗಳಲ್ಲಿ ಸ್ಪಷ್ಟವಾಯಿತು.

ಹುಬ್ಬಳ್ಳಿಯಲ್ಲಿ ಶ್ರೀ ಸಿದ್ಧಾರೂಢರ ಸನ್ನಿಧಿಯಲ್ಲಿ ಅವರು ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಶ್ರವಣ ಮಾಡಿದರು. ವೇದಾಂತದ ತೀಕ್ಷ್ಣತೆಯು ಅವರಿಗೆ ಅಲ್ಲಿ ಲಭಿಸಿತು. ಆದರೆ ಇಷ್ಟಲಿಂಗನಿಷ್ಠೆಯಲ್ಲಿ ಅವರದು ಅಚಲವಾದ ಮನಸ್ಸು. ಆ ನಿಷ್ಠೆಗೆ ತಕ್ಕ ಗುರುವನ್ನು ಅರಸುತ್ತ ಹೋದ ಅವರಿಗೆ ಎಳಂದೂರ ಬಸವಲಿಂಗ ಸ್ವಾಮಿಗಳು ದೊರೆತರು. ಗುರುವಿನ ನೆರಳಿನಂತೆ ಸಂಚರಿಸುತ್ತ, ಶಂಭುಲಿಂಗನ ಬೆಟ್ಟದ ಏಕಾಂತದಲ್ಲಿ ಶಿವಯೋಗವನ್ನು ಅಭ್ಯಸಿಸುತ್ತ, ಅವರು ತಮ್ಮ ಯೌವನದ ಶ್ರೇಷ್ಠ ವರ್ಷಗಳನ್ನು ಕಳೆದರು. ಬೆಟ್ಟದ ಮೇಲಿನ ಆ ಶಾಂತಿಯನ್ನು ಕಂಡವನು ಕೆಳಗಿಳಿಯಲು ಒಪ್ಪುವುದು ಕಷ್ಟ. ತನ್ನ ಮುಕ್ತಿಯನ್ನು ತಾನು ಸಾಧಿಸಿಕೊಂಡರೆ ಸಾಕೆಂದು ಗವಿಯಲ್ಲಿ ನಿಂತುಬಿಟ್ಟ ಸಾಧಕರು ಅನೇಕರು; ಅವರನ್ನು ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಹಾನಗಲ್ಲ ವಿರಕ್ತಮಠದ ಫಕೀರ ಸ್ವಾಮಿಗಳು ತಮ್ಮ ಪೀಠದ ಹೊಣೆಯನ್ನು ಈ ತರುಣ ವಿರಕ್ತರಿಗೆ ಒಪ್ಪಿಸಿದಾಗ ಅವರು ಬೆನ್ನು ತಿರುಗಿಸಲಿಲ್ಲ. ಸದಾಶಿವ ಸ್ವಾಮಿಗಳೆಂಬುದು ಅವರ ಪೀಠದ ಹೆಸರು. ಜನರ ಬಾಯಿಯಲ್ಲಿ ಉಳಿದುದು ಕುಮಾರ ಸ್ವಾಮಿಗಳೆಂಬ ಹೆಸರು. ಬೆಟ್ಟದಿಂದ ಊರಿಗೆ ಇಳಿದ ಈ ಹೆಜ್ಜೆಯೇ ಅವರ ಜೀವನದ ತಿರುವು. ಅಂದಿನಿಂದ ಅವರ ಪಾಲಿಗೆ ಸಮಾಜವೇ ಪೂಜಾಸ್ಥಾನವಾಯಿತು.

ಆ ಕಾಲವು ಕರ್ನಾಟಕಕ್ಕೆ ಅತಿ ಕಠಿನವಾದುದು. ೧೮೯೬-೯೭ರಲ್ಲಿ ಒಂದು ಬರ, ೧೮೯೯-೧೯೦೦ರಲ್ಲಿ ಮತ್ತೊಂದು ಬರ. ಇವುಗಳ ನಡುವೆಯೇ ೧೮೯೬ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಮಾರಿಯು ರೈಲುಮಾರ್ಗವನ್ನು ಹಿಡಿದು ಹುಬ್ಬಳ್ಳಿ-ಧಾರವಾಡಗಳಿಗೂ ಬಂದಿತು. ಮನೆಯಲ್ಲಿ ಇಲಿ ಬಿದ್ದರೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ತೊಡೆಸಂದಿನಲ್ಲಿಯೋ ಕಂಕುಳಲ್ಲಿಯೋ ಗಡ್ಡೆ ಎದ್ದವನ ಹತ್ತಿರ ಹೋಗಲು ಮನೆಯವರೇ ಹೆದರುವ ಸ್ಥಿತಿ. ವೈದ್ಯಶಾಲೆಗಳು ಜಿಲ್ಲೆಗೆ ಎಣಿಕೆಯಷ್ಟು. ಹಳ್ಳಿಗರಿಗೆ ಅವು ದೂರ, ಅವುಗಳ ಭಯವೂ ಬಹಳ. ಇಂಥ ದಿನಗಳಲ್ಲಿ ಹಳ್ಳಿಯ ಬಡವನಿಗೆ ಉಳಿದ ಆಸರೆಯೆಂದರೆ ಊರ ಮಠ. ಬರದ ಕಾಲದಲ್ಲಿ ಹಾನಗಲ್ಲ ಮಠದ ಒಲೆಯು ಹಸಿದವರಿಗಾಗಿ ಉರಿಯಿತು. ಕುಮಾರ ಸ್ವಾಮಿಗಳು ಉಳ್ಳವರ ಕಣಜದಿಂದ ಬೇಡಿ ತಂದು ಇಲ್ಲದವರ ಬೊಗಸೆಗೆ ನೀಡಿದರು. ಭಕ್ತರು ಮಠಕ್ಕೆ ಕೊಡುವುದು ಮಠವು ಕೂಡಿಡುವುದಕ್ಕಲ್ಲ, ಅದು ಹಸಿದವನ ಹೊಟ್ಟೆಗೆ ಸೇರುವವರೆಗೆ ಮಠದ ಕೈಯಲ್ಲಿರುವ ಒತ್ತೆಯ ಒಡವೆ ಎಂಬ ತತ್ತ್ವವನ್ನು ಅವರು ಉಪದೇಶದಿಂದಲ್ಲ, ಉರಿಯುವ ಒಲೆಯಿಂದ ತಿಳಿಸಿದರು.

ಶರಣಧರ್ಮದಲ್ಲಿ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ಚಿಕಿತ್ಸೆಯೇ ಅವನ ಕಾಯಕ. ತನ್ನ ವಚನಗಳಲ್ಲಿ ರೋಗ ಮತ್ತು ಔಷಧಗಳ ಪರಿಭಾಷೆಯಿಂದಲೇ ಅವನು ಅನುಭಾವವನ್ನು ಬೋಧಿಸಿದನು. ಸೊನ್ನಲಿಗೆಯ ಸಿದ್ಧರಾಮೇಶ್ವರನು ಕೆರೆಗಳನ್ನು ಕಟ್ಟಿಸಿ ಜನರಿಗೆ ನೀರು ಕೊಟ್ಟನು. ದೇಹವನ್ನು ಹೀನವೆಂದು ತಳ್ಳದೆ ಅದನ್ನು ದೇಗುಲವೆಂದು ಬಗೆದ ಧರ್ಮವಿದು. ದೇಗುಲವು ಬಿರಿದಾಗ ಅದನ್ನು ದುರಸ್ತಿ ಮಾಡುವುದು ಪೂಜೆಯ ಒಂದು ಅಂಗವೇ ಸರಿ. ಅನ್ನದಾಸೋಹವು ಹಸಿದ ದೇಹಕ್ಕೆ, ಜ್ಞಾನದಾಸೋಹವು ಕತ್ತಲೆಯ ಮನಸ್ಸಿಗೆ, ಆರೋಗ್ಯದಾಸೋಹವು ನೊಂದ ಶರೀರಕ್ಕೆ. ಮೂರೂ ಒಂದೇ ಜೋಳಿಗೆಯಿಂದ ಹೊರಡತಕ್ಕವು. ಕುಮಾರ ಶಿವಯೋಗಿಗಳ ಬಾಳು ಈ ತತ್ತ್ವಕ್ಕೆ ಇಪ್ಪತ್ತನೆಯ ಶತಮಾನದ ಭಾಷ್ಯವಾಯಿತು.

ಇದಕ್ಕೆ ಅತ್ಯಂತ ಮನೋಹರವಾದ ದೃಷ್ಟಾಂತವು ಇಬ್ಬರು ಅಂಧ ಬಾಲಕರದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಒಂದು ಬಡ ಜಂಗಮ ಕುಟುಂಬದಲ್ಲಿ ಹುಟ್ಟುಗುರುಡರಾದ ಇಬ್ಬರು ಅಣ್ಣತಮ್ಮಂದಿರಿದ್ದರು. ಕಿರಿಯವನಾದ ಗದಿಗೆಯ್ಯನು ಹುಟ್ಟಿದುದು ೧೮೯೨ರಲ್ಲಿ. ಅಂದಿನ ಲೋಕದಲ್ಲಿ ಕಣ್ಣಿಲ್ಲದ ಬಡ ಮಗುವಿಗೆ ಇದ್ದ ದಾರಿ ಒಂದೇ: ಸಂತೆಯ ಬಾಗಿಲಲ್ಲಿ ಕೈಚಾಚುವುದು. ಕುಮಾರ ಸ್ವಾಮಿಗಳು ಆ ಮಕ್ಕಳ ಕಂಠವನ್ನು ಕೇಳಿದರು. ಇಲ್ಲದ ಕಣ್ಣನ್ನು ಅವರು ನೋಡಲಿಲ್ಲ, ಇದ್ದ ದನಿಯನ್ನು ನೋಡಿದರು. ಇಬ್ಬರನ್ನೂ ಕರೆತಂದು, ಸಂಗೀತವಿದ್ವಾಂಸರ ಬಳಿಯಲ್ಲಿಟ್ಟು, ಅನ್ನವಸ್ತ್ರಗಳ ಭಾರವನ್ನು ತಾವೇ ಹೊತ್ತು ಕಲಿಸಿದರು. ಹಿರಿಯವನು ಅಕಾಲದಲ್ಲಿ ತೀರಿಕೊಂಡನು. ಉಳಿದ ಗದಿಗೆಯ್ಯನೇ ಕರ್ನಾಟಕವು ಕೊಂಡಾಡಿದ ಪಂಚಾಕ್ಷರ ಗವಾಯಿಗಳಾದನು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಆ ಗವಾಯಿಗಳು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ತಪಸ್ಸಿನ ಫಲ. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ, ಅವರಂತೆಯೇ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ಆ ಆಶ್ರಮವನ್ನು ಸಲಹಿದರು. ಸಾವಿರಾರು ಮಕ್ಕಳು ಅಲ್ಲಿ ಉಂಡು, ಕಲಿತು, ತಮ್ಮ ಕಾಲ ಮೇಲೆ ನಿಂತರು. ಯಾವ ವೈದ್ಯನೂ ಆ ಕಣ್ಣುಗಳಿಗೆ ಬೆಳಕು ತರಲಾರದವನಾಗಿದ್ದನು. ಆದರೂ ಆ ಬಾಳುಗಳು ಬೆಳಗಿದವು. ವಾಸಿಮಾಡಲಾಗದ ಕಡೆಯಲ್ಲಿಯೂ ಸಲಹಲು ಸಾಧ್ಯವಿದೆ ಎಂಬುದು ಇದರಿಂದ ತಿಳಿಯತಕ್ಕ ಪಾಠ.

ಒಂದು ಮಠದ ಒಲೆಯಿಂದ ಒಂದು ಸೀಮೆಯ ಹಸಿವು ಇಂಗೀತು. ಇಡೀ ನಾಡಿನ ಅಜ್ಞಾನವು ಇಂಗಲಾರದು. ಚದುರಿ ಹೋದ ಸಮಾಜವನ್ನು ಒಂದುಗೂಡಿಸದೆ ದೊಡ್ಡ ಕಾರ್ಯಗಳು ನಡೆಯಲಾರವೆಂದು ಮನಗಂಡು, ಕುಮಾರ ಸ್ವಾಮಿಗಳು ೧೯೦೪ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಸಂಘಟಿಸಿದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಮೊದಲ ಅಧ್ಯಕ್ಷರಾದರು. ಮಕ್ಕಳಿಲ್ಲದ ಆ ದೇಸಾಯಿಯವರು ೧೯೦೬ರಲ್ಲಿ ಕಾಲವಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನು ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಧಾರೆಯೆರೆದರು. ವಿರಕ್ತರ ಪ್ರೇರಣೆಯೂ ಗೃಹಸ್ಥರ ಔದಾರ್ಯವೂ ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಮಠವು ದಾರಿ ತೋರಬಹುದು; ಹೆಜ್ಜೆಯಿಡುವವರು ಗೃಹಸ್ಥರೇ. ಆ ದಿನಗಳಲ್ಲಿ ಊರೂರುಗಳಲ್ಲಿ ಹುಟ್ಟಿದ ಪಾಠಶಾಲೆಗಳು, ಉಚಿತ ಪ್ರಸಾದನಿಲಯಗಳು, ವಿದ್ಯಾವರ್ಧಕ ಸಂಘಗಳು ಈ ಜಾಗೃತಿಯ ಕುಡಿಗಳು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ೧೯೦೬ರಲ್ಲಿ ಹುಟ್ಟಿತು. ಬೆಳಗಾವಿಯಲ್ಲಿ ಏಳು ಜನ ತ್ಯಾಗಿಗಳು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ೧೯೧೬ರಲ್ಲಿ ಒಂದು ಶಾಲೆಯಿಂದ ಪ್ರಾರಂಭಿಸಿದರು.

ಸಮಾಜವನ್ನು ಕಟ್ಟುವುದಕ್ಕೆ ಮೊದಲು ಸಮಾಜಕ್ಕೆ ದಾರಿ ತೋರುವವರು ಸಿದ್ಧವಾಗಬೇಕು. ಮಠಾಧಿಪತಿಗಳೇ ವಿದ್ಯಾಹೀನರೂ ಸುಖಲೋಲುಪರೂ ಆದರೆ ಭಕ್ತರ ಗತಿಯೇನು? ಬಾಗಲಕೋಟೆಯಲ್ಲಿ ನೆರೆದ ಮಹಾಸಭೆಯ ಅಧಿವೇಶನದ ಕಾಲಕ್ಕೆ ಈ ವಿಚಾರವು ಪಕ್ವವಾಯಿತು. ಇಳಕಲ್ಲಿನ ಶ್ರೀ ವಿಜಯ ಮಹಾಂತ ಶಿವಯೋಗಿಗಳ ಆಶೀರ್ವಾದವು ದೊರೆಯಿತು. ೧೯೦೯ರಲ್ಲಿ, ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವು ತಲೆಯೆತ್ತಿತು. ಅದೇ ಹೊಳೆಯು ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು, ಕಮತಗಿ-ಹುನಗುಂದಗಳ ಸೀಮೆಯನ್ನು ತಣಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣನವರು ವಿದ್ಯಾರ್ಜನೆ ಮಾಡಿದ ಸಂಗಮಕ್ಕೆ ಹರಿಯುವ ನೀರಿನ ದಂಡೆಯಲ್ಲಿಯೇ ಎಳೆಯ ವಟುಗಳ ವಿದ್ಯಾಲಯವು ನೆಲೆಗೊಂಡುದು ಅರ್ಥಪೂರ್ಣವಾದ ಯೋಗ.

ಅಲ್ಲಿಯ ದಿನಚರಿಯು ಕಟ್ಟುನಿಟ್ಟಾದುದು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ಹೊಳೆಯಲ್ಲಿ ಮೀಯುವುದು, ಯೋಗಾಭ್ಯಾಸ, ಲಿಂಗಪೂಜೆ, ಸಂಸ್ಕೃತ ಮತ್ತು ಕನ್ನಡ ಪಾಠ, ಗೋಶಾಲೆಯ ಸೇವೆ. ಆಕಳನ್ನು ಸಾಕಿ, ಗೋಮಯದಿಂದ ಶಾಸ್ತ್ರೋಕ್ತವಾಗಿ ವಿಭೂತಿಯನ್ನು ತಯಾರಿಸುವ ಕಾಯಕವು ಅಲ್ಲಿ ನಡೆಯಿತು. ಶಿವಯೋಗಮಂದಿರದ ವಿಭೂತಿಯು ನಾಡಿನ ಮನೆಮನೆಯ ಪೂಜೆಯ ಸಂಪುಟವನ್ನು ಸೇರಿತು. ಓಲೆಯ ಗ್ರಂಥಗಳ ಸಂಗ್ರಹವೂ ಅಲ್ಲಿ ಬೆಳೆಯಿತು. ಗುರುವರ್ಗದ ವಟುಗಳು, ವಿರಕ್ತವರ್ಗದ ವಟುಗಳು ಎಂಬ ಭೇದವೆಣಿಸದೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದುದು ಆ ಕಾಲಕ್ಕೆ ಸಾಹಸದ ಕಾರ್ಯ. ನಿರ್ಮಲವಾದ ನೀರು, ನಿಯಮಿತವಾದ ಆಹಾರ, ದೇಹಶ್ರಮ, ಆಸನ-ಪ್ರಾಣಾಯಾಮ, ಇವೆಲ್ಲವೂ ರೋಗವು ಬರುವುದಕ್ಕೆ ಮುನ್ನವೇ ಅದರ ಬಾಗಿಲನ್ನು ಮುಚ್ಚುವ ಉಪಾಯಗಳು. ಇಂದಿನ ವೈದ್ಯಶಾಸ್ತ್ರವು ಪ್ರತಿಬಂಧಕ ಚಿಕಿತ್ಸೆಯೆಂದು ಯಾವುದನ್ನು ಎತ್ತಿಹಿಡಿಯುತ್ತದೆಯೋ ಅದರ ಬಹುಭಾಗವು ಆ ಹೊಳೆಯ ದಂಡೆಯ ನಿತ್ಯಾಚರಣೆಯಲ್ಲಿತ್ತು.

ಇಷ್ಟು ದೊಡ್ಡ ಸಂಸ್ಥೆಯನ್ನು ನಡೆಸಲು ಹಣವೆಲ್ಲಿಯದು? ಜೋಳಿಗೆಯೇ ಅವರ ಬೊಕ್ಕಸ. ಊರಿಂದೂರಿಗೆ ಸಂಚರಿಸಿ, ಸುಗ್ಗಿಯ ಕಾಲದಲ್ಲಿ ಕಾಳುಕಡಿಗಳನ್ನೂ, ವರ್ತಕರಲ್ಲಿ ಹಣವನ್ನೂ ಬೇಡಿ ತಂದರು. ತಮ್ಮ ಮೈಗೆ ಬೇಕಾದುದು ಒಂದು ಕಾವಿ, ಒಂದು ಹೊತ್ತಿನ ಪ್ರಸಾದ. ತಮಗಾಗಿ ಬೇಡದವನ ಬೇಡಿಕೆಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಆದರೆ ದಾರಿಯು ಹೂವಿನದಾಗಿರಲಿಲ್ಲ. ಸ್ವಾಮಿಗಳಾದವರು ಪೂಜೆ ಮಾಡಿಕೊಂಡಿರಬೇಕಲ್ಲದೆ ಸಭೆ, ಸಂಸ್ಥೆ, ಶಾಲೆಗಳ ಗೊಡವೆಯೇಕೆ ಎಂದು ಆಡಿಕೊಂಡವರಿದ್ದರು. ಸಮಾಜದೊಳಗಿನ ಮತಭೇದಗಳು ಅವರ ಕಾರ್ಯಕ್ಕೆ ಅಡ್ಡಬಂದವು. ಅವರು ಕಟ್ಟಿದ ಮಹಾಸಭೆಯಲ್ಲಿಯೇ ಭಿನ್ನಾಭಿಪ್ರಾಯಗಳು ತಲೆದೋರಿದವು. ಅವರು ಪ್ರತಿವಾದದಲ್ಲಿ ಕಾಲ ಕಳೆಯಲಿಲ್ಲ. ನೆಟ್ಟ ಸಸಿಯ ಬುಡಕ್ಕೆ ನೀರೆರೆಯುವುದೇ ವಾದಕ್ಕೆ ಕೊಡುವ ಉತ್ತರವೆಂದು ಬಗೆದರು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿಯು ಭಾರತದಲ್ಲೆಲ್ಲ ಲಕ್ಷಲಕ್ಷ ಜನರನ್ನು ಆಹುತಿ ಕೊಂಡಿತು. ಅದೇ ವರ್ಷ ಮುಂಗಾರು ಸಹ ಕೈಕೊಟ್ಟಿತು. ಅಂಥ ವಿಷಮ ಕಾಲವನ್ನೂ ದಾಟಿ ಶಿವಯೋಗಮಂದಿರವು ಉಳಿದು ಬೆಳೆಯಿತೆಂಬುದು ಅದರ ಬೇರುಗಳು ಎಷ್ಟು ಆಳದಲ್ಲಿದ್ದವೆಂಬುದನ್ನು ತೋರುತ್ತದೆ.

೧೯೩೦ರ ಫೆಬ್ರುವರಿ ತಿಂಗಳಲ್ಲಿ, ತಮ್ಮ ಅರುವತ್ತೆರಡನೆಯ ವಯಸ್ಸಿನಲ್ಲಿ, ಕುಮಾರ ಶಿವಯೋಗಿಗಳು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ ಇದೆ. ಅವರು ಬಿಟ್ಟುಹೋದುದು ಆಸ್ತಿಯನ್ನಲ್ಲ, ಮನುಷ್ಯರನ್ನು. ಅಲ್ಲಿ ಕಲಿತ ವಟುಗಳು ನಾಡಿನ ನಾನಾ ಮಠಗಳ ಪೀಠವನ್ನೇರಿದರು. ಅನೇಕರು ತಮ್ಮ ತಮ್ಮ ಊರುಗಳಲ್ಲಿ ಶಾಲೆ ತೆರೆದರು, ಪ್ರಸಾದನಿಲಯ ನಡೆಸಿದರು. ಆ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳಲ್ಲಿ ಶಿಕ್ಷಕರಾದವರಿದ್ದಾರೆ, ಇಂಜಿನಿಯರರಾದವರಿದ್ದಾರೆ, ವೈದ್ಯರಾದವರಿದ್ದಾರೆ. ಒಂದು ಆಸ್ಪತ್ರೆಗೆ ಬೇಕಾದುದು ಕಲ್ಲು-ಗಾರೆ ಮಾತ್ರವಲ್ಲ. ಮೊದಲು ಬೇಕಾದುದು ಓದಿದ ಮಗ, ಓದಿದ ಮಗಳು. ಅದಕ್ಕೂ ಮೊದಲು ಬೇಕಾದುದು ಆ ಮಕ್ಕಳಿಗೆ ಅನ್ನವಿಕ್ಕುವ ಮನೆ. ಆ ಮೊದಲಿನ ಮೊದಲನ್ನು ಒದಗಿಸಿದವರಲ್ಲಿ ಕುಮಾರ ಶಿವಯೋಗಿಗಳು ಅಗ್ರಗಣ್ಯರು.

ಬಾಗಲಕೋಟೆಯ ಸಂಘವು ತನ್ನ ಶತಮಾನವನ್ನು ೨೦೦೬ರಲ್ಲಿ ಪೂರೈಸಿತು. ಆ ಹೊತ್ತಿಗೆ ಊರಿನ ರೂಪವೇ ಬದಲಾಗಿತ್ತು. ಆಲಮಟ್ಟಿಯ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವು ಮುಳುಗಿ, ಮನೆಮಠಗಳನ್ನು ಕಳೆದುಕೊಂಡ ಜನರು ನವನಗರಕ್ಕೆ ಬಂದು ನೆಲೆಸಿದರು. ೧೯೯೭ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಯಿತು. ಆ ಹೊಸ ಊರಿನಲ್ಲಿ ಸಂಘವು ವೈದ್ಯಕೀಯ ಮಹಾವಿದ್ಯಾಲಯಕ್ಕೆ ರಾಷ್ಟ್ರನಾಯಕರಾದ ಎಸ್. ನಿಜಲಿಂಗಪ್ಪನವರ ಹೆಸರನ್ನೂ, ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರರ ಹೆಸರನ್ನೂ ಇಟ್ಟಿತು. ಒಂದು ಕಾಲದಲ್ಲಿ ಪ್ಲೇಗಿನ ಗಡ್ಡೆಗೂ ಹೆರಿಗೆಯ ಕಂಟಕಕ್ಕೂ ದೈವವನ್ನೇ ನೆಚ್ಚಬೇಕಾಗಿದ್ದ ಸೀಮೆಯಲ್ಲಿ ಇಂದು ತಜ್ಞರು ಸಿದ್ಧರಾಗುತ್ತಿದ್ದಾರೆ. ಬರದ ನಾಡಿನ ಮಟ್ಟಿಗೆ ಇದು ಸಾಮಾನ್ಯವಾದ ಮಾತಲ್ಲ.

ಜೋಳಿಗೆಯ ಪರಂಪರೆಯೂ ಇದೇ ಸೀಮೆಯಲ್ಲಿ ಇನ್ನೊಂದು ರೂಪವನ್ನು ತಾಳಿತು. ಇಳಕಲ್ಲ-ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಹೊರಟರು. ಅವರು ಬೇಡಿದುದು ಜೋಳವನ್ನಲ್ಲ, ಹಣವನ್ನಲ್ಲ. ಸೆರೆ, ಗುಟಕಾ, ಬೀಡಿಗಳ ದುಶ್ಚಟಗಳನ್ನು. ೨೦೧೮ರಲ್ಲಿ ಲಿಂಗೈಕ್ಯರಾಗುವವರೆಗೂ ಕೇರಿಕೇರಿಗಳಲ್ಲಿ, ಮನೆಮನೆಯ ಬಾಗಿಲಲ್ಲಿ ನಿಂತು ಅವರು ಚಟಗಳನ್ನು ಬೇಡಿದರು. ಕುಡಿತದಿಂದ ಯಕೃತ್ತು ಕೆಟ್ಟ ಮೇಲೆ ಆಸ್ಪತ್ರೆಯು ಮಾಡಬಹುದಾದುದು ಕಡಿಮೆ; ಕುಡಿತವು ಆ ಜೋಳಿಗೆಗೆ ಬಿದ್ದರೆ ಆಸ್ಪತ್ರೆಯ ಮೆಟ್ಟಿಲೇರುವ ಪ್ರಸಂಗವೇ ತಪ್ಪಬಹುದು. ಕುಮಾರ ಶಿವಯೋಗಿಗಳ ಜೋಳಿಗೆಯು ಇದ್ದುದನ್ನು ಬೇಡಿ ಇಲ್ಲದವರಿಗೆ ಕೊಟ್ಟಿತು; ಮಹಾಂತಪ್ಪಗಳ ಜೋಳಿಗೆಯು ಇರಬಾರದುದನ್ನು ಬೇಡಿ ತೆಗೆದುಕೊಂಡಿತು. ಎರಡರ ಗುರಿಯೂ ಒಂದೇ, ಕಾಯವು ಕಾಯಕಕ್ಕೆ ಯೋಗ್ಯವಾಗಿ ಉಳಿಯಬೇಕೆಂಬುದು.

ಮಹಾಪುರುಷರ ಹೆಸರನ್ನು ಕಟ್ಟಡಕ್ಕೆ ಇಡುವುದು ಸುಲಭ. ಆ ಹೆಸರು ಅಲ್ಲಿ ಉಳಿಯುವಂತೆ ನಡೆಯುವುದು ಕಷ್ಟ. ಕುಮಾರೇಶ್ವರರ ಹೆಸರು ಬರೆದ ಬಾಗಿಲಿಗೆ ಬಂದ ಬಡವನು ಗದರಿಕೆಯ ಮಾತು ಕೇಳಿ ಹಿಂದಿರುಗಿದರೆ ಆ ಹೆಸರಿಗೆ ಕುಂದು. ಈ ಮಾತು ಒಂದು ಆಸ್ಪತ್ರೆಗೆ ಮಾತ್ರ ಹೇಳಿದುದಲ್ಲ. ಶರಣರ ಹೆಸರು ಹೊತ್ತ ಎಲ್ಲ ಆಸ್ಪತ್ರೆ, ಎಲ್ಲ ಶಾಲೆ, ಎಲ್ಲ ಮನೆಗಳಿಗೂ ಸಲ್ಲತಕ್ಕುದು. ಕಮತಗಿಯಿಂದಲೋ ಬಾದಾಮಿಯಿಂದಲೋ ಬಂದು ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಕುಳಿತ ಮುದುಕಿಗೆ ಒಂದು ಬುತ್ತಿ ರೊಟ್ಟಿ ಮುಟ್ಟಿಸುವುದು, ನೆರೆಮನೆಯ ಬಸುರಿಯನ್ನು ಹೊತ್ತಿಗೆ ಸರಿಯಾಗಿ ದವಾಖಾನೆಗೆ ಸೇರಿಸುವುದು, ಅಪರಿಚಿತನಿಗೂ ರಕ್ತದಾನ ಮಾಡುವುದು, ಅಂಗವಿಕಲ ಮಗುವನ್ನು ಮನೆಯ ಮೂಲೆಗೆ ಹಾಕದೆ ವಿದ್ಯೆ ಕೊಡಿಸುವುದು, ಇವು ಯಾವ ಗೃಹಸ್ಥನ ಶಕ್ತಿಗೂ ಮೀರಿದವಲ್ಲ. ಇವೆಲ್ಲವೂ ಆರೋಗ್ಯದಾಸೋಹದ ಅಂಗಗಳು.

ಶತಮಾನೋತ್ಸವಗಳಲ್ಲಿ ತೋರಣ ಕಟ್ಟುವುದು ಉಚಿತವೇ. ತೋರಣವು ಮರುದಿನ ಬಾಡುತ್ತದೆ. ಬೆಟ್ಟದ ಏಕಾಂತವನ್ನು ಬಿಟ್ಟು ನೊಂದವರ ನಡುವೆ ಇಳಿದು ಬಂದ ಆ ವಿರಕ್ತರಿಗೆ ಬಾಡದ ಮಾಲೆಯನ್ನು ಅರ್ಪಿಸಬೇಕೆಂಬ ಭಕ್ತನು ತನ್ನ ಓಣಿಯಲ್ಲಿರುವ ಒಬ್ಬ ರೋಗಿಯ ಬಾಗಿಲಿಗೆ ಇಂದೇ ಹೋಗಿ ನಿಲ್ಲಲಿ.